ಎಡಕ್ಕೆ ತಿರುಗಿದ ಬಾಣ

ಭಾನುವಾರ ಸಂಜೆ ಆರು ಗಂಟೆ ಹತ್ತು ನಿಮಿಷಕ್ಕೆ ಕಡಲತೀರದ ಠಾಣೆಗೆ ಒಬ್ಬರು ಕುಂಟುತ್ತ ಬಂದರು. ವಯಸ್ಸು ಐವತ್ತೆರಡು. ಬಲಗಾಲಿಗೆ ಬ್ಯಾಂಡೇಜು, ಎಡಗಾಲಿಗೆ ಲಾಡ್ಜಿನ ರಬ್ಬರ್ ಚಪ್ಪಲಿ. ಹೆಂಡತಿ ಬೆಳಿಗ್ಗೆ ಹೋದವಳು ಇನ್ನೂ ಬಂದಿಲ್ಲ ಎಂಬುದು ದೂರು.

ಇನ್ಸ್‌ಪೆಕ್ಟರ್ ಕುರ್ಚಿ ತೋರಿಸಿದರು. ಅವರಿಗೆ ಈ ಠಾಣೆಯಲ್ಲಿ ಇದು ಎರಡನೇ ವರ್ಷ. ಕಡಲಲ್ಲಿ ಮುಳುಗಿದವರು, ಕುಡಿದು ಕೊಠಡಿ ಮರೆತವರು, ಗಂಡನ ಮೇಲೆ ಮುನಿಸಿಕೊಂಡು ಬಸ್ಸು ಹತ್ತಿದವರು, ಎಲ್ಲರನ್ನೂ ಕಂಡಿದ್ದ ಹೆಂಗಸು.

"ಎಲ್ಲಿಗೆ ಹೋದ್ರು?"

"ಒಳನಾಡಿಗೆ ಮೇಡಂ. ಜಲಪಾತ ನೋಡೋಕೆ. ಬಾಡಿಗೆ ಸ್ಕೂಟರ್ ತಗೊಂಡ್ಲು. ನಾನೂ ಹೋಗ್ಬೇಕಿತ್ತು, ನಿನ್ನೆ ಮರಳಲ್ಲಿ ಕಾಲು ಹೊರಳ್ತು. ನೀನಾದ್ರೂ ಹೋಗಿ ಬಾ ಅಂತ ನಾನೇ ಕಳಿಸಿದೆ."

"ಜಗಳ?"

"ಇಲ್ಲ."

"ದಾರಿ ಗೊತ್ತಿತ್ತಾ?"

ಅವರು ಮೊದಲ ಸಲ ತಲೆಯೆತ್ತಿದರು. "ಅವಳು ಭೂಗೋಳದ ಟೀಚರ್ ಮೇಡಂ. ಮದುವೆಯಾಗಿ ಇಪ್ಪತ್ತಾರು ವರ್ಷ, ದಾರಿ ಕೇಳೋದು ನಾನು, ಹೇಳೋದು ಅವಳು. ದಾರಿ ತಪ್ಪೋ ಪೈಕಿ ಅಲ್ಲ."

ಫೋನಿಗೆ ಬಂದ ಕೊನೆಯ ಸಂದೇಶ ತೋರಿಸಿದರು. ಹನ್ನೊಂದು ಗಂಟೆ ನಲವತ್ತೆರಡು ನಿಮಿಷ. ಒಂದು ಫೋಟೋ: ಕವಲುದಾರಿಯಲ್ಲಿ ನೀಲಿ ಬೋರ್ಡು, ಅದರ ಮೇಲೆ 'ಜಲಪಾತ 6 ಕಿ.ಮೀ.' ಎಂಬ ಬಿಳಿ ಅಕ್ಷರ. ಕೆಳಗೆ ಹೆಂಡತಿಯ ಮಾತು: 'ಇನ್ನು ಸಿಗ್ನಲ್ ಸಿಗಲ್ಲ ಅನ್ಸುತ್ತೆ. ಐದಕ್ಕೆ ಬರ್ತೀನಿ. ಕಾಲು ನೆಲಕ್ಕೆ ಊರಬೇಡಿ.'

ಕಾಣೆ ಪ್ರಕರಣ ದಾಖಲಾಯಿತು. ಒಳನಾಡಿನ ಹೊರಠಾಣೆಗೆ ಫೋನು ಹೋಯಿತು. ಜಲಪಾತದ ವಾಹನ ನಿಲ್ದಾಣದಲ್ಲಿ ಸ್ಕೂಟರ್ ಇಲ್ಲ, ಟಿಕೆಟ್ ಕೊಡುವವನು ಅಂಥ ಹೆಂಗಸನ್ನು ನೋಡಿಲ್ಲ ಎಂದು ಎಂಟು ಗಂಟೆಗೆ ಉತ್ತರ ಬಂತು.

ಸೋಮವಾರ ಬೆಳಿಗ್ಗೆ ಆರೂವರೆಗೆ ಇನ್ಸ್‌ಪೆಕ್ಟರ್, ದಫೇದಾರ ಮತ್ತು ಇಬ್ಬರು ಕಾನ್‌ಸ್ಟೇಬಲ್‌ಗಳು ಜೀಪಿನಲ್ಲಿ ಹೊರಟರು. ಕಡಲು ಹಿಂದಾಯಿತು. ಲಾಡ್ಜುಗಳು ಮುಗಿದು ಹಂಚಿನ ಮಾಡಿನ ಅಂಗಡಿಗಳ ಸಣ್ಣ ಊರುಗಳು ಬಂದವು. ಮೂವತ್ತೆಂಟನೇ ಕಿಲೋಮೀಟರಿನಲ್ಲಿ ಕೊನೆಯ ಊರು ದಾಟಿದರೆ ಕವಲುದಾರಿ. ಬೋರ್ಡಿನ ಬಾಣ ಬಲಕ್ಕಿತ್ತು. ಬಲಕ್ಕೆ ಹೋದರು. ಜಲಪಾತದ ಮೆಟ್ಟಿಲು, ಬಂಡೆ, ಕೆಳಗಿನ ನೀರಿನ ಗುಂಡಿ ಎಲ್ಲ ಜಾಲಾಡಿದರು. ಏನೂ ಸಿಗಲಿಲ್ಲ.

"ಬೇರೆ ಯಾರ ಜೊತೆಗಾದ್ರೂ..." ಎಂದು ಕಾನ್‌ಸ್ಟೇಬಲ್ ಒಬ್ಬ ರಾಗ ಎಳೆದ.

"ನಿನ್ನ ಬಾಯಿಗೊಂದು ಬೀಗ ಹಾಕೋ ಮಾರಾಯ," ಎಂದರು ದಫೇದಾರ.

ವಾಪಸು ಬರುವಾಗ ಕವಲಿನಲ್ಲಿ ಇನ್ಸ್‌ಪೆಕ್ಟರ್ ಜೀಪು ನಿಲ್ಲಿಸಿದರು. ಗಂಡನಿಂದ ಪಡೆದಿದ್ದ ಫೋಟೋವನ್ನು ತಮ್ಮ ಫೋನಿನಲ್ಲಿ ತೆರೆದು ಬೋರ್ಡಿನ ಪಕ್ಕಕ್ಕೆ ಹಿಡಿದರು. ಅದೇ ಬೋರ್ಡು, ಅದೇ ಅಕ್ಷರ, ಹಿಂದೆ ಅದೇ ಮರ. ಫೋಟೋದಲ್ಲಿ ಬಾಣ ಎಡಕ್ಕಿತ್ತು.

ದಫೇದಾರ ಬಾಣವನ್ನು ಮುಟ್ಟಿದರು. ಬೆರಳಿಗೆ ಬಿಳಿ ಬಣ್ಣ ಅಂಟಿತು.

"ಹಸಿ ಇದೆ ಮೇಡಂ."

ಎಡದಾರಿ ಒಂದೂವರೆ ಕಿಲೋಮೀಟರು ಹೋಗಿ ಕಿರಿದಾಗುತ್ತಿತ್ತು. ಮುಂದೆ ಎರಡು ಕಲ್ಲುಕಂಬ. ನಡುವೆ ಗೇಟು ಇರಲಿಲ್ಲ, ಕಿತ್ತ ಕೀಲುಗಳ ತೂತು ಮಾತ್ರ ಇತ್ತು. ಕಂಬಗಳ ಮುಂದೆ ಬಂಡೆಯೊಂದು ಉರುಳಿ ಬಿದ್ದಿತ್ತು. ಕಾರು ದಾಟುವಂತಿರಲಿಲ್ಲ, ಸ್ಕೂಟರ್ ದಾಟಬಹುದಿತ್ತು. ಅಲ್ಲಿಂದ ಇಪ್ಪತ್ತು ಹೆಜ್ಜೆಗೆ ದಾರಿ ತಿರುಗಿತು. ಎದೆಯೆತ್ತರದ ಹುಲ್ಲು. ಹುಲ್ಲಿನಾಚೆ ನೆಲವೇ ಇರಲಿಲ್ಲ. ಅದು ಕೆಲಸ ನಿಂತುಹೋದ ಕಲ್ಲು ಕ್ವಾರಿ.

ಒಂಬತ್ತು ಗಂಟೆ ಐದು ನಿಮಿಷಕ್ಕೆ ಕೆಳಗೆ ಸ್ಕೂಟರ್ ಕಂಡಿತು. ಪಕ್ಕದಲ್ಲಿ ಅವರು. ಹೆಲ್ಮೆಟ್ಟು ತಲೆಯಲ್ಲೇ ಇತ್ತು.

ಹಗ್ಗ ಬಿಟ್ಟು ಇಳಿದರು. ಇಬ್ಬರು ಪಂಚರನ್ನು ಕರೆಸಿ ಪಂಚನಾಮೆ ಬರೆದರು. ಕೈಚೀಲದಲ್ಲಿ ನೀರಿನ ಬಾಟಲಿ, ಒಂದು ಟವೆಲ್ಲು, ಗಂಡನಿಗೆಂದು ಯಾವುದೋ ಊರಲ್ಲಿ ಕೊಂಡ ನೋವಿನ ಮುಲಾಮು. ದಫೇದಾರ ಒಂದೊಂದನ್ನೂ ಗಟ್ಟಿಯಾಗಿ ಹೇಳಿ ಬರೆಸಿದರು. ಮುಲಾಮಿನ ಹತ್ತಿರ ಬಂದಾಗ ಅವರ ದನಿ ಸ್ವಲ್ಪ ತಗ್ಗಿತು. ಶವವನ್ನು ಪರೀಕ್ಷೆಗೆ ಕಳಿಸಿದರು. ಗಂಡನಿಗೆ ಇನ್ಸ್‌ಪೆಕ್ಟರ್ ತಾವೇ ಫೋನು ಮಾಡಿದರು.

ಮಧ್ಯಾಹ್ನ ಹನ್ನೆರಡೂವರೆಗೆ ಮತ್ತೆ ಬೋರ್ಡಿನ ಮುಂದೆ ನಿಂತರು.

"ಇದು ಪುಂಡರ ಕೆಲಸ ಅಲ್ಲ," ಎಂದರು ಇನ್ಸ್‌ಪೆಕ್ಟರ್. "ಎರಡು ಬಾಣಾನೂ ಒಂದೇ ಕೈ ಬರೆದಿರೋದು. ಗೆರೆ ಅಳೆದಿಟ್ಟ ಹಾಗಿದೆ."

ದಫೇದಾರ ಅಕ್ಷರ ನೋಡುತ್ತಿದ್ದರು. "ಈ 'ಜ' ನೋಡಿ ಮೇಡಂ. ಬಾಲ ಸುರುಳಿ ಸುತ್ತಿದೆ. ಬರೋವಾಗ ಊರಲ್ಲಿ ಎಲ್ಲೋ ನೋಡಿದೀನಿ."

ಊರಿನಲ್ಲಿ ಇದ್ದದ್ದು ಒಂದೇ ಬೀದಿ. ಜವಳಿ ಅಂಗಡಿಯ ಬೋರ್ಡಿನಲ್ಲಿ ಆ ಸುರುಳಿ ಇತ್ತು. ಔಷಧಿ ಅಂಗಡಿಯ ಗಾಜಿನ ಮೇಲೂ ಇತ್ತು.

"ಇದನ್ನ ಬರೆದದ್ದು ಯಾರು?" ಎಂದು ದಫೇದಾರ ಕೇಳಿದರು.

"ಬಣ್ಣದ ಮಾಮ," ಎಂದ ಔಷಧಿ ಅಂಗಡಿಯವನು. "ಈ ಊರಲ್ಲಿ ಅಕ್ಷರ ಅಂದ್ರೆ ಅವರೇ. ಯಾಕೆ ಸರ್?"

"ಮನೇಲಿ ಯಾರ್ಯಾರಿದ್ದಾರೆ?"

"ಈಗ ಅವರೊಬ್ಬರೇ. ಹೆಂಡತಿ ಮೊದಲೇ ಇಲ್ಲ. ಮಗಳೊಬ್ಬಳಿದ್ಲು, ಜಲಪಾತದ ಟಿಕೆಟ್ ಕೌಂಟರಲ್ಲಿ ಕೂರ್ತಿದ್ಲು. ಹೋದ ವರ್ಷ ಪ್ರವಾಸಿ ಒಬ್ಬ ಗುಂಡಿಗೆ ಬಿದ್ದ. ಇವಳು ಹಾರಿ ಅವನನ್ನ ದಡಕ್ಕೆ ತಳ್ಳಿದ್ಲು. ತಾನು ಬಂಡೆ ಕೆಳಗೆ ಸಿಕ್ಕೊಂಡ್ಲು."

ಶೆಡ್ಡು ಬೀದಿಯ ಕೊನೆಗಿತ್ತು. ಗೋಡೆಗೆ ಒರಗಿಸಿದ ತಗಡುಗಳು, ಡಬ್ಬಿಗಳಲ್ಲಿ ನೆನೆಹಾಕಿದ ಬ್ರಷ್ಷುಗಳು, ಟರ್ಪೆಂಟೈನಿನ ಘಾಟು. ಅರವತ್ತರ ಹತ್ತಿರದ ತೆಳ್ಳನೆಯ ಮನುಷ್ಯ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದರು. ಪೊಲೀಸರನ್ನು ಕಂಡು ಎದ್ದು ನಿಂತರು.

"ಸಿಕ್ಕಿದ್ರಾ?" ಎಂದು ಅವರೇ ಕೇಳಿದರು.

"ಸಿಕ್ಕಿದ್ರು."

"ಜೀವ?"

"ಇಲ್ಲ."

ಅವರು ಮತ್ತೆ ಕೂತರು.

"ಬಾಣ ತಿರುಗಿಸಿದ್ದು ನೀವೇನಾ?"

"ನಾನೇ."

"ಯಾವಾಗ?"

"ಭಾನುವಾರ ಬೆಳಿಗ್ಗೆ ಆರಕ್ಕೆ."

"ಯಾಕೆ?"

"ಜಲಪಾತ ಮುಚ್ಚಿ ಅಂತ ಪಂಚಾಯ್ತಿಗೆ ಐದು ಸಲ ಅರ್ಜಿ ಕೊಟ್ಟೆ ತಾಯಿ. ಹೋದ ತಿಂಗಳು ಕಚೇರಿಗೆ ಕರೆದ್ರು. ಅರ್ಜಿಗೆ ಉತ್ತರ ಕೊಡ್ತಾರೆ ಅಂತ ಹೋದೆ. 'ಬೋರ್ಡು ಚಿಕ್ಕದಾಯ್ತು ಮಾಮ, ದೊಡ್ಡದಾಗಿ ಬರೆದುಕೊಡಿ' ಅಂದ್ರು." ಅವರು ತಮ್ಮ ಅಂಗೈ ನೋಡಿಕೊಂಡರು. "ಬರೆದುಕೊಟ್ಟೆ. ಮೊದಲ ಬೋರ್ಡೂ ನಂದೇ. ನನ್ನ ಮಗಳನ್ನ ತಿಂದ ಜಾಗಕ್ಕೆ ಜನರನ್ನ ಕರೀತಿದ್ದದ್ದು ನಾನೇ."

"ಎಡಕ್ಕೆ ಕ್ವಾರಿ ಇರೋದು ಗೊತ್ತಿರಲಿಲ್ವಾ?"

"ಗೊತ್ತಿತ್ತು. ಅಲ್ಲಿ ಕಬ್ಬಿಣದ ಗೇಟಿತ್ತಲ್ಲ, ಬೀಗ ಹಾಕಿದ್ದು! ಜನ ಹೋಗ್ತಾರೆ, ಗೇಟು ನೋಡ್ತಾರೆ, ಬೋರ್ಡು ಬರೆದವನಿಗೆ ನಾಲ್ಕು ಬೈದು ವಾಪಸ್ ಹೋಗ್ತಾರೆ ಅಂದ್ಕೊಂಡೆ."

"ಗೇಟು ಕೊನೇಸಲ ನೋಡಿದ್ದು ಯಾವಾಗ?"

"ಹೋದ ಬೇಸಿಗೆ."

"ಗೇಟಿಲ್ಲ. ಯಾರೋ ಕಿತ್ತು ಗುಜರಿಗೆ ಹಾಕಿದಾರೆ."

"ಎರಡು ಕಾರು ಹೋಗಿ ವಾಪಸ್ ಬಂದ್ವು. ಕವಲಲ್ಲಿ ನಿಂತು ನಾನೇ ನೋಡಿದೆ. ಗೇಟು ನೋಡಿ ಬಂದ್ರು ಅಂದ್ಕೊಂಡೆ. ಆಮೇಲೆ ಸ್ಕೂಟರ್ ಹೋದದ್ದು ನೋಡಲಿಲ್ಲ. ಊಟಕ್ಕೆ ಕೂತಿದ್ದೆ."

"ಇವತ್ತು ಮತ್ತೆ ಬಲಕ್ಕೆ ಬರೆದ್ರಿ. ತಪ್ಪು ಮುಚ್ಚಿಡೋಕಾ?"

"ಒಬ್ಬರು ಕಾಣೆ ಅಂತ ಹೊರಠಾಣೆಯವರು ಊರಲ್ಲಿ ಹೇಳಿದ್ರು. ಗೇಟು ಇದೆಯೋ ಇಲ್ವೋ ಅಂತ ಅನುಮಾನ ಬಂತು. ಬೆಳಗಾಗೋದನ್ನೇ ಕಾದು ಹೋದೆ. ಹುಡುಕೋಕೆ ಬರೋರು ಅದೇ ದಾರಿ ಹಿಡಿದು ಬೀಳಬಾರದಲ್ಲ. ಬರೆದು ಮುಗಿಸಿ ಕ್ವಾರಿ ಕಡೆ ನಾಲ್ಕು ಹೆಜ್ಜೆ ಹೋದೆ. ಮುಂದೆ ಹೋಗೋಕೆ ಧೈರ್ಯ ಬರಲಿಲ್ಲ."

ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಅವರನ್ನು ಬಂಧಿಸಲಾಯಿತು. ಬ್ರಷ್ಷು, ಬಿಳಿ ಬಣ್ಣದ ಡಬ್ಬಿ, ಬೋರ್ಡು ಜಪ್ತಿಯಾದವು. ಅಜಾಗರೂಕತೆಯಿಂದ ಸಾವಿಗೆ ಕಾರಣರಾದರೆಂದು ಎಫ್‌ಐಆರ್ ಆಯಿತು. ಬೇಲಿಯಿಲ್ಲದೆ ಕ್ವಾರಿ ಬಿಟ್ಟುಹೋದ ಗುತ್ತಿಗೆದಾರನ ಹೆಸರೂ ಅದರಲ್ಲಿ ಸೇರಿತು.

ಶವಪರೀಕ್ಷೆಯ ಕಾಗದಗಳಿಗೆ ಸಹಿ ಹಾಕಲು ಗಂಡ ಸಂಜೆ ಠಾಣೆಗೆ ಬಂದರು. ಅವರು ಕೇಳುವ ಮೊದಲೇ ಇನ್ಸ್‌ಪೆಕ್ಟರ್ ಹೇಳಿದರು: "ಅವರು ದಾರಿ ತಪ್ಪಲಿಲ್ಲ ಸರ್. ಬೋರ್ಡು ಹೇಳಿದ ಕಡೆಗೇ ಹೋದ್ರು."

ಎಲ್ಲವನ್ನೂ ಕೇಳಿಸಿಕೊಂಡ ಮೇಲೆ ಗಂಡ, "ಆ ಮನುಷ್ಯನನ್ನ ನೋಡಬಹುದಾ?" ಎಂದರು. ಇನ್ಸ್‌ಪೆಕ್ಟರ್ ಸ್ವಲ್ಪ ಯೋಚಿಸಿ, ದಫೇದಾರರನ್ನು ಜೊತೆಗಿಟ್ಟುಕೊಂಡು ತಾವೇ ಅವರನ್ನು ಲಾಕಪ್ಪಿನ ಬಳಿ ಕರೆದೊಯ್ದರು.

ಸರಳಿನಾಚೆ ಬಣ್ಣದ ಮಾಮ ಎದ್ದು ಕೈಮುಗಿದರು. ಕೈ ಇಳಿಸಲೇ ಇಲ್ಲ.

"ಮಗಳಿಗೆ ಈಜು ಬರ್ತಿತ್ತಾ?" ಎಂದು ಗಂಡ ಕೇಳಿದರು.

"ಮೀನಿನ ಹಾಗೆ. ನಾನೇ ಕಲಿಸಿದ್ದು."

"ಇವಳಿಗೆ ಬರ್ತಿರಲಿಲ್ಲ. ನೀರು ಅಂದ್ರೆ ಭಯ." ಗಂಡ ಸರಳು ಹಿಡಿದುಕೊಂಡರು. "ಎಷ್ಟು ಜಲಪಾತ ನೋಡಿದ್ವಿ ಗೊತ್ತಾ ನಾವು? ಒಂದರಲ್ಲೂ ಕಾಲು ಒದ್ದೆ ಮಾಡ್ಕೊಂಡವಳಲ್ಲ. ದಡದಲ್ಲಿ ಕೂತು ನೋಡ್ತಿದ್ಲು ಅಷ್ಟೇ. ಇಲ್ಲೂ ಸುಮ್ನೆ ನೋಡಿ ಬಂದಿರ್ತಿದ್ಲು."

ಬಣ್ಣದ ಮಾಮ ಮುಗಿದ ಕೈಯಲ್ಲೇ ಹಣೆ ಚಚ್ಚಿಕೊಳ್ಳತೊಡಗಿದರು. ದಫೇದಾರ ಬಾಗಿಲು ತೆಗೆದು ಒಳಗೆ ಹೋಗಿ ಅವರ ಎರಡೂ ಕೈ ಹಿಡಿದು ಕೂರಿಸಿದರು. "ಸಾಕು ಮಾಮ, ಸಾಕು," ಎನ್ನುತ್ತಿದ್ದರು. ಗಂಡ ಕುಂಟುತ್ತ ಹೊರಗೆ ಹೋದರು.

ಇನ್ಸ್‌ಪೆಕ್ಟರ್ ಕೇಸ್ ಡೈರಿ ತೆರೆದರು. ಉದ್ದೇಶ ಎಂಬಲ್ಲಿ ಮೊದಲು ಒಂದು ವಾಕ್ಯ ಬರೆದು ಹೊಡೆದುಹಾಕಿದರು. ಆಮೇಲೆ ಬರೆದರು:

'ಆರೋಪಿಗೂ ಮೃತರಿಗೂ ಪರಿಚಯವಿಲ್ಲ. ದ್ವೇಷವಿಲ್ಲ. ತನ್ನ ಮಗಳು ಸತ್ತ ನೀರಿಗೆ ಇನ್ನು ಯಾರ ಮನೆಯವರೂ ಹೋಗಬಾರದು ಎಂಬುದೇ ಉದ್ದೇಶವಾಗಿತ್ತು.'