ಎರಡು ದಡ, ಒಂದೇ ಗಾಯ

"ಅಲುಗಾಡಬೇಡಿ ಅಂದ್ನಲ್ಲ!"

ಅವಳ ಬ್ರಷ್ಷು ಬೆನ್ನಿಗೆ ತಾಗಿದ್ದೇ ತಡ, ಅವನು ಸರಕ್ಕನೆ ತಿರುಗಿ ಅವಳ ಮಣಿಕಟ್ಟು ಹಿಡಿದುಬಿಟ್ಟ. ಕೆಂಪು ಬಣ್ಣ ಅವಳ ಬೆರಳಿಂದ ಅವನ ಅಂಗೈಗೆ ಇಳಿಯಿತು.

"ಗಾಯ ಬೆನ್ನಿಗೆ ಯಾಕೆ?"

"ಕೈ ಬಿಡಿ ಮೊದಲು!"

"ಗುಂಡು ಬಿದ್ದಿದ್ದು ಎದೆಗೆ. ನಾನು ಆ ಸತ್ತವನ ಮೊಮ್ಮಗ. ನಮ್ಮಜ್ಜಿ ದಡದಿಂದ ಕಣ್ಣಾರೆ ನೋಡಿದಾಳೆ."

"ಬೆನ್ನಿಗೆ. ನಮ್ಮಜ್ಜ ಕೈಯಾರೆ ಹೊಡೆದಿದಾನೆ!"

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಅವನು ಕೈ ಬಿಟ್ಟು ಮುಂದಕ್ಕೆ ತಿರುಗಿದ. ಕನ್ನಡಿಯೊಳಗೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು... ಎಷ್ಟು ಹೊತ್ತೋ!

ಡೇರೆಯ ಹೊರಗೆ ಸಹಾಯಕ ನಿರ್ದೇಶಕ ಗಂಟಲು ಹರಿದುಕೊಳ್ಳುತ್ತಿದ್ದ. "ಸತ್ತವರೆಲ್ಲ ಮೊದಲು ತಿಂಡಿ ತಿನ್ನಿ! ಬದುಕಿರೋರು ಆಮೇಲೆ!"

ಎಪ್ಪತ್ತು ವರ್ಷದ ಹಿಂದೆ ಈ ಸೇತುವೆಯ ಮೇಲೆ ನಡೆದ ಯುದ್ಧ ಈಗ ಎರಡು ಸಿನಿಮಾ ಆಗುತ್ತಿತ್ತು. ಒಂದು ಈ ದಡದವರು ಕಂಡ ಹಾಗೆ, ಇನ್ನೊಂದು ಆ ದಡದವರು ಕಂಡ ಹಾಗೆ. ಜನ ಮಾತ್ರ ಅದೇ ಜನ, ಬದಲಾಗುವುದು ಸಮವಸ್ತ್ರ. "ಬೆಳಿಗ್ಗೆ ನನ್ನನ್ನ ನಾನೇ ಕೊಂದೆ, ಮಧ್ಯಾಹ್ನ ನನಗೋಸ್ಕರ ನಾನೇ ಅತ್ತೆ" ಎಂದು ಒಬ್ಬ ನಗಿಸುತ್ತಿದ್ದ.

ಆದರೆ ಸೇತುವೆಯ ಮೇಲೆ ಕೊನೆಗೆ ಬೀಳುವ ಸೈನಿಕ ಎರಡು ಸಿನಿಮಾದಲ್ಲೂ ಒಬ್ಬನೇ. ಅವನ ಗಾಯ ಎರಡರಲ್ಲೂ ಒಂದೇ ಜಾಗದಲ್ಲಿರಬೇಕು, ಕೂದಲೆಳೆ ಆಚೀಚೆ ಆಗಬಾರದು. ಅದಕ್ಕೇ ಅವಳು ಪ್ರತಿ ಗಾಯದ ಫೋಟೋ ತೆಗೆದು ಪುಸ್ತಕಕ್ಕೆ ಅಂಟಿಸುತ್ತಿದ್ದಳು. ಗಾಯ ಮಾಡುವುದೇ ಅವಳ ಕೆಲಸ. ಸೆಟ್ಟಿನಲ್ಲೆಲ್ಲ ಅವಳು ಗಾಯದಕ್ಕ.

ಅವನು ಆಚೆ ದಡದ ಬಡಗಿ. ನಟನೆಯ ಗಂಧಗಾಳಿ ಇಲ್ಲ. ಅಜ್ಜನ ಹಳೇ ಫೋಟೋವನ್ನೇ ಎರಕ ಹೊಯ್ದಂಥ ಮುಖ, ಅದಕ್ಕೇ ಅವನನ್ನು ಹುಡುಕಿ ತಂದಿದ್ದರು. ಸಾಯುವುದಕ್ಕೆ.

ಆ ಜಗಳದ ಮೇಲೆ ಮೊದಲ ವಾರ ಮಾತೇ ಇಲ್ಲ. ದಿನಾ ಬೆಳಿಗ್ಗೆ ಒಂದು ಗಂಟೆ ಅವನು ಬೆನ್ನು ಕೊಟ್ಟು ಕೂರುವುದು, ಅವಳು ಅದರ ಮೇಲೆ ಗಾಯ ಕಟ್ಟುವುದು.

ಆ ಬೆನ್ನು ಅವಳಿಗೆ ಹೊಸದಲ್ಲ. ಚಿಕ್ಕವಳಿದ್ದಾಗ ಅಜ್ಜ ಯುದ್ಧದ ಕಥೆ ಹೇಳಿದಾಗಲೆಲ್ಲ ಅವಳಿಗೆ ಕಂಡಿದ್ದು ಓಡುವ ಒಂದು ಬೆನ್ನು. ಅದಕ್ಕೆ ಮುಖವೇ ಇರಲಿಲ್ಲ. ಕಣ್ಣು ಮುಚ್ಚಿದರೆ ಸಾಕು, ಸೇತುವೆಯ ಮೇಲೆ ಓಡುತ್ತಿತ್ತು... ಓಡುತ್ತಲೇ ಇತ್ತು. ಆ ಕೊನೆಯನ್ನು ಎಂದೂ ಮುಟ್ಟಲಿಲ್ಲ.

ಈಗ ಅದೇ ಬೆನ್ನು ಅವಳ ಬೆರಳಡಿ ಬೆಚ್ಚಗೆ ಉಸಿರಾಡುತ್ತಿತ್ತು.

ಎಂಟನೆಯ ದಿನ ಅವನೇ ಕೇಳಿದ. "ಈ ಗಾಯ ವಾಸಿಯಾಗೋಕೆ ಎಷ್ಟು ದಿನ ಬೇಕು ಡಾಕ್ಟ್ರೇ?"

"ಸಂಜೆ ಎಣ್ಣೆ ಹಚ್ಚಿ ಉಜ್ಜಿದ್ರೆ ಮಾಯ."

"ಅಯ್ಯೋ, ಅಷ್ಟು ಬೇಗನಾ?"

ನಗಬಾರದೆಂದು ತುಟಿ ಬಿಗಿಹಿಡಿದಳು. ಬ್ರಷ್ಷು ನಕ್ಕುಬಿಟ್ಟಿತು, ಬಣ್ಣ ಅವನ ಕಿವಿಯವರೆಗೆ ಹೋಯಿತು! ಮರುದಿನ ಬಂದು ನೋಡಿದರೆ ಅವಳ ಮೇಜಿನ ಕುಂಟುಕಾಲು ನೆಟ್ಟಗಾಗಿತ್ತು. ಯಾರು ಮಾಡಿದ್ದೆಂದು ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ಮೊದಲ ಸಿನಿಮಾ ಮುಗಿಯಿತು. ಎರಡನೆಯದರಲ್ಲಿ ಬಡಗಿ ಸಾಯುವ ದಿನ ಅವಳ ಅಜ್ಜನನ್ನು ಸೆಟ್ಟಿಗೆ ಕರೆತಂದರು. ಅಂದು ಸೇತುವೆಯ ಮೇಲಿದ್ದವರಲ್ಲಿ ಉಳಿದಿದ್ದು ಅವನೊಬ್ಬನೇ. ಕೊನೆಯ ದೃಶ್ಯ ಬರೆದದ್ದೇ ಅವನ ಬಾಯಿಮಾತಿನ ಮೇಲೆ. ಅವನು ಬಂದರೆ ನಿರ್ದೇಶಕರೂ ಎದ್ದು ನಿಲ್ಲುತ್ತಿದ್ದರು.

ಅವಳು ಅಜ್ಜನ ತೋಳು ಹಿಡಿದು ಡೇರೆಯೊಳಗೆ ಕರೆತಂದಳು. ಬಡಗಿ ಆಗಷ್ಟೇ ಸೈನಿಕನ ಅಂಗಿಯನ್ನು ತಲೆಯ ಮೇಲಿಂದ ಎಳೆದುಕೊಳ್ಳುತ್ತಿದ್ದ. ಎರಡೂ ಕೈ ಮೇಲಿದ್ದವು.

ಅಜ್ಜನ ಊರುಗೋಲು ನೆಲಕ್ಕೆ ಬಿತ್ತು.

"ಬಂದ್ಯಾ..." ಮುದುಕನ ದನಿ ತೀರಾ ಮೆತ್ತಗಿತ್ತು. "ಕೈ ಇಳಿಸಪ್ಪ. ಕೈ ಇಳಿಸು. ಈ ಸಲ ಹೊಡೆಯಲ್ಲ."

"ಅಜ್ಜಾ, ಇವರು..."

"ದಿನಾ ಬರ್ತೀಯ. ಕೈ ಎತ್ಕೊಂಡೇ ಬರ್ತೀಯ. ಊಟಕ್ಕೆ ಕೂತ್ರೂ ಎದುರಿಗೆ ನಿಲ್ತೀಯ. ಬಂದೂಕು ಕೆಳಗಿಟ್ಟಿದ್ದೆ ನೀನು, ನಾನು ನೋಡಿದ್ದೆ. ನನಗೆ ಹತ್ತೊಂಬತ್ತು ವರ್ಷ... ಹೆದರಿಕೆ. ಎದೆಗೇ ಹೊಡೆದೆ."

ಅವಳು ಅಜ್ಜನ ತೋಳು ಬಿಟ್ಟುಬಿಟ್ಟಳು. "ಓಡ್ತಿದ್ದ ಅಂತ ಹೇಳಿದ್ಯಲ್ಲ ಅಜ್ಜಾ! ಜೀವಮಾನವಿಡೀ ಅದನ್ನೇ ಹೇಳಿದ್ಯಲ್ಲ!"

"ಓಡೋನನ್ನ ಹೊಡೆದ್ರೆ ಯುದ್ಧ ಮಗಾ. ಕೈ ಎತ್ತಿದವನನ್ನ ಹೊಡೆದ್ರೆ..."

ಬಡಗಿ ಒಂದು ಲೋಟ ನೀರು ತಂದ. ತಾನೇ ಲೋಟ ಹಿಡಿದು, ಮುದುಕನಿಗೆ ಗುಟುಕು ಗುಟುಕಾಗಿ ಕುಡಿಸಿದ. ಆಮೇಲೆ ಅಜ್ಜನನ್ನು ಹೊರಗೆ ನೆರಳಿನ ಕುರ್ಚಿಯಲ್ಲಿ ಕೂರಿಸಿ ಬಂದು, ಎಂದಿನಂತೆ ಅವಳಿಗೆ ಬೆನ್ನು ಕೊಟ್ಟು ಕೂತ.

"ಬೆನ್ನಿಗೇ ಹಚ್ಚು," ಅಂದ.

ಮೊದಲ ಸಲ 'ನೀನು' ಅಂದಿದ್ದ!

"ಹುಚ್ಚಾ ನಿಮಗೆ? ಕೇಳಿಸ್ಕೊಂಡ್ರಲ್ಲ!"

"ಕೇಳಿಸ್ಕೊಂಡೆ. ನನ್ನಜ್ಜ ಸತ್ತಾಯ್ತು. ಸತ್ತವನನ್ನ ಹೇಡಿ ಅಂದ್ರೆ ಅವನಿಗೇನೂ ನೋವಾಗಲ್ಲ. ನಿನ್ನಜ್ಜ ಬದುಕಿದಾನೆ."

"ನಿಮ್ಮಜ್ಜಿ?"

"ಅಜ್ಜಿಗೆ ಏನಾದ್ರೂ ಹೇಳಿ ಸಮಾಧಾನ ಮಾಡ್ತೀನಿ. ಗಾಯದ ಜಾಗ ಬದಲಾದ್ರೆ ಮೊದಲನೇ ಸಿನಿಮಾದ ಕೊನೇ ದೃಶ್ಯಾನೂ ಮತ್ತೆ ತೆಗೀಬೇಕು. ಯಾಕೆ ಅಂತ ಎಲ್ಲರೂ ಕೇಳ್ತಾರೆ. ಇವತ್ತು ಎದ್ದು ನಿಲ್ಲೋರು ನಾಳೆ ಆ ಮುದುಕನ ಮುಖಕ್ಕೆ ಉಗೀತಾರೆ. ನನ್ನ ನೋಡಿದಾಗಲೆಲ್ಲ ನಿನಗೆ ಅದೇ ನೆನಪಾಗುತ್ತೆ. ಆಗ ನೀನು ನನ್ನ ಜೊತೆ ಬರಲ್ಲ."

"ಜೊತೆ... ಎಲ್ಲಿಗೆ?"

"ಎಲ್ಲಿಗಾದ್ರೂ. ಎರಡು ವಾರದಿಂದ ಕೇಳಬೇಕು ಅಂತಿದ್ದೆ. ಬೆನ್ನು ತೋರಿಸ್ಕೊಂಡು ಕೂತವನು ಹೇಗೆ ಕೇಳ್ಲಿ ಹೇಳು?"

ಅವಳ ಕಣ್ಣು ತುಂಬಿತು. ಬ್ರಷ್ಷು ಕೆಳಗಿಟ್ಟು ಅವನ ಎದುರಿಗೆ ಬಂದು ನಿಂತಳು.

"ಬರ್ತೀನಿ. ನೀನು ಕರೆದ್ರೂ ಬರ್ತೀನಿ, ಕರೀದಿದ್ರೂ ಬರ್ತೀನಿ!"

ಅವನ ಮುಖ ಅರಳಿತು. ಅವಳ ಬಣ್ಣದ ಕೈಯನ್ನು ಎರಡೂ ಅಂಗೈಯಲ್ಲಿ ಮುಚ್ಚಿಕೊಂಡ. "ಹಾಗಾದ್ರೆ ಇದೊಂದನ್ನ ನನ್ನಿಂದ ತಗೋ. ನಾನು ಬಾಯಿ ಬಿಡಲ್ಲ. ನಿನ್ನಜ್ಜ ನೆಮ್ಮದಿಯಾಗಿ ಕಣ್ಣು ಮುಚ್ಚಲಿ. ನಿನಗೆ ನನ್ನ ಮೊದಲ ಉಡುಗೊರೆ ಅಂದ್ಕೋ."

"ನೆಮ್ಮದಿ!" ಅವಳು ತಲೆಯಾಡಿಸಿದಳು. "ಮುಚ್ಚಿಟ್ಟಿದ್ದಕ್ಕೇ ಕಣೋ ನಿನ್ನಜ್ಜ ಎಪ್ಪತ್ತು ವರ್ಷ ದಿನಾ ಬಂದಿದ್ದು. ನಾವೂ ಮುಚ್ಚಿಟ್ರೆ ನಮ್ಮ ಮನೆಗೂ ಬರ್ತಾನೆ. ನಾವಿಬ್ಬರು ಊಟಕ್ಕೆ ಕೂತ್ರೆ ಕೈ ಎತ್ಕೊಂಡು ಎದುರಿಗೆ ನಿಲ್ತಾನೆ. ಉಗಿಯೋರು ಉಗೀಲಿ, ಅಜ್ಜನ ಪಕ್ಕ ನಾನು ಕೂತಿರ್ತೀನಿ."

"ನಾನು?"

"ನೀನು ಇನ್ನೊಂದು ಪಕ್ಕ."

ಡೇರೆಯ ಪರದೆ ಸರಿಯಿತು. "ಗಾಯದಕ್ಕಾ, ಸತ್ತವನು ರೆಡಿನಾ?"

"ಇನ್ನೂ ಇಲ್ಲ. ನಿರ್ದೇಶಕರನ್ನ ಒಳಗೆ ಕಳಿಸಿ. ಮಾತಾಡಬೇಕು."

ಹೆಜ್ಜೆ ಸದ್ದು ದೂರವಾಯಿತು. ಅವನು ಅವಳ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದ. ದನಿ ಬೇಡುವಂತಿತ್ತು.

"ಇನ್ನೊಂದು ಸಲ ಯೋಚಿಸು. ನಾನೇ ಕೊಡ್ತಿದೀನಲ್ಲ, ಮನಸಾರೆ... ತಗೊಳ್ಳೇ."

"ಬೇಡ," ಅಂದಳು ಅವಳು.