ಜಾಡಿಯೊಳಗಿನ ಹೃದಯ

ಸೋಮವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಶವಾಗಾರದ ಡಾಕ್ಟರಮ್ಮ ಠಾಣೆಗೆ ಬಂದು, ಕುರ್ಚಿಯನ್ನು ತಾವೇ ಎಳೆದುಕೊಂಡು ಕೂತರು.

"ನನ್ನ ಕೋಣೆಯಿಂದ ಒಂದು ಹೃದಯ ಕಳುವಾಗಿದೆ. ಬರ್ಕೊಳ್ಳಿ."

ಪೆನ್ನು ಎತ್ತಿದ ಮುಖ್ಯಪೇದೆ ಹಾಗೇ ನಿಂತ. "ಯಾರದ್ದು ಮೇಡಂ?"

"ನೀವೇ ಕಳಿಸಿದ ಹೆಣದ್ದು ಕಣ್ರೀ. ಗಾಜಿನಂಗಡಿ ಯಜಮಾನರದು."

ಒಳಗಿದ್ದ ಇನ್‌ಸ್ಪೆಕ್ಟರ್ ದಡಕ್ಕನೆ ಎದ್ದು ಬಂದ.

ಶುಕ್ರವಾರ ಆ ಯಜಮಾನ ತನ್ನ ಅಂಗಡಿಯಲ್ಲೇ ಅಳಿಯನೊಂದಿಗೆ ಜಗಳವಾಡುತ್ತ ಬಿದ್ದು ಸತ್ತಿದ್ದ. ಅಳಿಯನ ಕೈ ಮಾವನ ಅಂಗಿಯ ಮೇಲಿತ್ತು, ಬಿದ್ದವನ ತಲೆ ಮೇಜಿನ ಅಂಚಿಗೆ ಬಡಿದಿತ್ತು. ಕಣ್ಣಾರೆ ಕಂಡವನು ಅದೇ ಅಂಗಡಿಯಲ್ಲಿ ಜೊತೆಗೆ ದುಡಿಯುತ್ತಿದ್ದ, ಸತ್ತವನ ತಮ್ಮ. ಅವನ ದೂರಿನ ಮೇಲೆ ಎಫ್‌ಐಆರ್ ಆಗಿ ಅಳಿಯ ಲಾಕಪ್ಪಿನಲ್ಲಿದ್ದ. ಅವನದು ಒಂದೇ ಮಾತು: "ಎದೆ ಹಿಡ್ಕೊಂಡೇ ಏಣಿ ಹತ್ತೋಕೆ ಹೋದ್ರು ಸಾರ್. ತಡೆಯೋಕೆ ಅಂಗಿ ಹಿಡಿದೆ." ಸಿಕ್ಕಿಬಿದ್ದವರೆಲ್ಲ ಹೀಗೇ ಹೇಳುತ್ತಾರೆಂದು ಇನ್‌ಸ್ಪೆಕ್ಟರ್ ಗದರಿದ್ದ. ಸತ್ತವನ ಮಗಳು ಗಂಡನ ಊಟದ ಡಬ್ಬಿ ಹಿಡಿದು ಠಾಣೆಯ ಬೆಂಚಿನ ಮೇಲೆ ಕೂತಿರುತ್ತಿದ್ದಳು. ಅಪ್ಪನಿಗಾಗಿ ಅಳಬೇಕೋ ಗಂಡನಿಗಾಗಿ ಅಳಬೇಕೋ ತಿಳಿಯದ ಮುಖ.

"ತಲೆಗೆ ಪೆಟ್ಟು ಬಿದ್ದು ಸತ್ತದ್ದಲ್ವಾ ಮೇಡಂ? ಹೃದಯ ಯಾಕೆ ಬೇಕು?" ಇನ್‌ಸ್ಪೆಕ್ಟರ್ ಕೇಳಿದ.

"ಬುರುಡೆ ತೆಗೆದು ನೋಡಿದೀನಿ. ಮೇಲೆ ಚರ್ಮ ಒಡೆದಿದೆ, ಒಳಗೆ ಒಂದು ಹನಿ ರಕ್ತ ಇಲ್ಲ. ನಾಲಿಗೆಯಿಂದ ಕೆಳಹೊಟ್ಟೆವರೆಗೂ ಇರೋದನ್ನೆಲ್ಲ ಒಂದೇ ಗೊಂಚಲಾಗಿ ಹೊರಗೆ ತೆಗೆದೆ. ಒಂದೊಂದೇ ಕಿತ್ತರೆ ನಡುವಿನ ನಾಳಗಳು ಕಡಿದು ಹೋಗ್ತವೆ, ತೊಂದರೆ ಎಲ್ಲಿದೆ ಗೊತ್ತಾಗಲ್ಲ. ಮೇಜಿನ ಮೇಲೆ ಬಿಡಿಸ್ತಾ ಹೋದೆ. ಶ್ವಾಸಕೋಶ, ಯಕೃತ್ತು, ಮೂತ್ರಪಿಂಡ ಎಲ್ಲ ಸರಿ ಇದ್ವು. ಹೃದಯ ಮಾತ್ರ ಊದಿತ್ತು, ಅದರ ರಕ್ತನಾಳ ಸುಣ್ಣಗಟ್ಟಿ ಕಲ್ಲಾಗಿತ್ತು. ಹಸಿಯಲ್ಲೇ ಕೊಯ್ದರೆ ಜಜ್ಜಿ ಹೋಗುತ್ತೆ. ಅದಕ್ಕೇ ಗಟ್ಟಿಯಾಗಲಿ ಅಂತ ಫಾರ್ಮಲಿನ್ ದ್ರಾವಣದ ಜಾಡೀಲಿ ಮುದ್ರೆ ಹಾಕಿ ಇಟ್ಟಿದ್ದೆ. ಉಳಿದದ್ದನ್ನೆಲ್ಲ ಒಳಗಿಟ್ಟು ಹೊಲಿದು ಕೊಟ್ಟೆ."

"ಅದು ಸಿಗದಿದ್ರೆ?"

"ಸಾವಿನ ಕಾರಣ ಖಚಿತವಿಲ್ಲ ಅಂತ ಬರೀತೀನಿ. ಆಮೇಲೆ ಆ ಹುಡುಗನ ಹಣೆಬರಹ."

ಹತ್ತು ಗಂಟೆಗೆ ಎಲ್ಲರೂ ಶವಾಗಾರದಲ್ಲಿದ್ದರು. ಬಾಗಿಲ ಬೀಗ ಹಾಕಿದಂತೆಯೇ ಇತ್ತು. ಕಪಾಟಿನಲ್ಲಿ ಜಾಡಿ ಇದ್ದ ಜಾಗ ಖಾಲಿ. ಮುಖ್ಯಪೇದೆ ಕಿಟಕಿಗೆ ಒರಗಿ, ಥಟ್ಟನೆ ಕೈ ತೆಗೆದ. ಬೆರಳಿಗೆ ಏನೋ ಮೆತ್ತಿಕೊಂಡಿತ್ತು.

"ಸಾರ್, ಗಾಜು ಕೂರಿಸೋ ಪುಟ್ಟಿ ಇನ್ನೂ ಹಸಿ!"

ಗಾಜೊಂದನ್ನು ಚೌಕಟ್ಟಿನಿಂದ ಬಿಡಿಸಿ, ಚಿಲಕ ತೆಗೆದು ಒಳಗೆ ಬಂದಿದ್ದ ಕಳ್ಳ, ಹೋಗುವಾಗ ಅದನ್ನು ಮತ್ತೆ ಕೂರಿಸಿ, ಪುಟ್ಟಿ ಮೆತ್ತಿ, ಹೆಬ್ಬೆರಳಲ್ಲಿ ನೀಟಾಗಿ ಸವರಿದ್ದ. ಅಷ್ಟೇ ಅಲ್ಲ, ಪಕ್ಕದ ಗಾಜಿಗೂ ಹೊಸ ಪುಟ್ಟಿ ಬಿದ್ದಿತ್ತು.

"ಅದು ಗಡಗಡ ಅಲ್ಲಾಡ್ತಿತ್ತು. ಸರಿ ಮಾಡ್ಸಿ ಅಂತ ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು," ಎಂದರು ಡಾಕ್ಟರಮ್ಮ.

"ಬಾಗಿಲೂ ಕಿರ್ ಅಂತಿದೆ ಮೇಡಂ. ಇನ್ನೊಂದು ಜಾಡಿ ಇಟ್ಟು ನೋಡಿ, ಅದೂ ರಿಪೇರಿ ಆಗಬಹುದು," ಎಂದ ಮುಖ್ಯಪೇದೆ.

"ಬಾಯಿ ಮುಚ್ಕೊಂಡು ಪಂಚನಾಮೆ ಬರಿಯೋ," ಇನ್‌ಸ್ಪೆಕ್ಟರ್ ಗುಡುಗಿದ. ಕೆಲಸ ಕೆಟ್ಟದಾಗಿ ಬಿಟ್ಟುಹೋಗಲು ಕೈ ಬಾರದ ಕಳ್ಳ! ಎಂಥ ಕಸುಬಿನವನೆಂದು ಇನ್ನು ಹೇಳಬೇಕೆ? "ಹೆಣ ಒಯ್ಯುವಾಗ ಯಾರಾದ್ರೂ ಏನಾದ್ರೂ ಕೇಳಿದ್ರಾ ಮೇಡಂ?"

"ತಮ್ಮ ಕೇಳಿದ್ರು, ಎಲ್ಲ ಒಳಗೇ ಇದೆಯಾ ಅಂತ. ಹೃದಯ ಇಲ್ಲಿದೆ, ಕೊಯ್ದು ನೋಡಬೇಕು ಅಂದೆ. ಹೆಣ ತಗೊಂಡು ಹೋದ್ರು."

ಗಾಜಿನಂಗಡಿಯಲ್ಲಿ ತಮ್ಮ ಒಬ್ಬನೇ ಇದ್ದ. ಪೊಲೀಸರನ್ನು ಕಂಡು ಏಳಲೂ ಇಲ್ಲ, ಓಡಲೂ ಇಲ್ಲ. ಮುಂದೆ ಅಂಗೈಯಗಲದ ಒಂದು ಗಾಜಿನ ಪೆಟ್ಟಿಗೆ.

"ಜಾಡಿ ಎಲ್ಲಿ?"

ಡಬ್ಬಗಳ ಹಿಂದೆ, ಟವೆಲ್ ಹೊದಿಸಿಟ್ಟಿದ್ದನ್ನು ತೋರಿಸಿದ. "ಈ ಪೆಟ್ಟಿಗೇಲಿಟ್ಟು ಅಣ್ಣನ ಪಕ್ಕಾನೇ ಹೂಳೋಣ ಅಂತಿದ್ದೆ. ಮುಚ್ಚಳ ತೆಗೆಯೋಕೆ ಧೈರ್ಯ ಬರಲಿಲ್ಲ ಸಾರ್."

"ಹುಚ್ಚಾ ನಿಂಗೆ? ದೂರು ಕೊಟ್ಟವನೂ ನೀನೇ, ಸಾಕ್ಷಿ ಕದ್ದವನೂ ನೀನೇ. ಆ ಅಳಿಯ ಒಳಗೇ ಕೊಳೀಬೇಕಾ?"

"ಅದು ತಲೆಗೇ ಬರಲಿಲ್ಲ ಸಾರ್. ಅಣ್ಣನ್ನ ಪೂರ್ತಿಯಾಗಿ ಕಳಿಸಲಿಲ್ಲ ಅನ್ನೋದೊಂದೇ ಇತ್ತು."

"ಅವರಿಗೆ ಎದೆನೋವು ಇತ್ತಾ?"

"ಗ್ಯಾಸು ಅಂತಿದ್ದ."

ಜಾಡಿಯ ಮುದ್ರೆ ಒಡೆದಿರಲಿಲ್ಲ. ಮಧ್ಯಾಹ್ನ ಡಾಕ್ಟರಮ್ಮ ಹೃದಯವನ್ನು ಹಲಗೆಯ ಮೇಲಿಟ್ಟು, ರಕ್ತನಾಳವನ್ನು ಅಡ್ಡಡ್ಡಲಾಗಿ, ಬೆಂಕಿಕಡ್ಡಿಯ ದಪ್ಪಕ್ಕೆ ಕೊಯ್ಯುತ್ತ ಹೋದರು. ಉದ್ದಕ್ಕೆ ಸೀಳಿದರೆ ಒಳಗಿನ ಹೆಪ್ಪು ಜಾರುತ್ತದೆ. ಅಲಗು ಗರಗರ ಅಂದಿತು. ಮೂರನೆಯ ತುಂಡಿಗೆ ನಿಲ್ಲಿಸಿದರು.

"ನೋಡಿ, ನಾಳ ಪೂರ್ತಿ ಕಟ್ಟಿದೆ. ಈ ಕಪ್ಪು ಹೆಪ್ಪು ಹೊಸದು. ಇಲ್ಲಿ ಗೋಡೇಲಿರೋ ಬಿಳೀ ಕಲೆ ಹಳೇ ಹೃದಯಾಘಾತದ್ದು. ಒಂದು ಸಲ ತಡ್ಕೊಂಡಿದಾರೆ, ಯಾರಿಗೂ ಹೇಳಿಲ್ಲ. ಬಿದ್ದದ್ದರಿಂದ ಸತ್ತದ್ದಲ್ಲ, ಹೃದಯ ನಿಂತು ಬಿದ್ದದ್ದು."

ಇನ್‌ಸ್ಪೆಕ್ಟರ್ ಟೋಪಿ ತೆಗೆದು ಬೆವರು ಒರೆಸಿಕೊಂಡ. ಹುಡುಗ ನಿಜವನ್ನೇ ಹೇಳಿದ್ದ.

ಬುಧವಾರ ನ್ಯಾಯಾಲಯ ಅಳಿಯನನ್ನು ಬಿಟ್ಟಿತು. ಅದೇ ದಿನ, ಕಳವಿನ ಪ್ರಕರಣದಲ್ಲಿ ಬಂಧಿತನಾಗಿದ್ದ ತಮ್ಮನಿಗೆ ಜಾಮೀನು ಸಿಕ್ಕಿತು, ಹೊಣೆ ಹೊತ್ತು ಸಹಿ ಹಾಕುವವರಿದ್ದರೆ ಮಾತ್ರ. ಅಣ್ಣನ ಹೊರತು ಅವನಿಗೆ ಯಾರಿದ್ದರು? ದೊಡ್ಡ ಗಾಜನ್ನು ಒಬ್ಬ ಎತ್ತಲಾರ. ಇಬ್ಬರೂ ಜೀವಮಾನವೆಲ್ಲ ಆಚೀಚೆ ತುದಿ ಹಿಡಿದು ರಸ್ತೆ ದಾಟಿದವರು. ಅಂಥ ಅಣ್ಣನ ಒಂದು ಚೂರನ್ನು ಕಪಾಟಿನಲ್ಲಿ ಬಿಟ್ಟುಬರಲು ಅವನಿಂದಾಗಲಿಲ್ಲ, ಅಷ್ಟೇ.

"ನಾನು ಹಾಕ್ತೀನಿ ಸಹಿ," ಎಂದ ಹೆಂಡತಿಯೊಂದಿಗೆ ನಿಂತಿದ್ದ ಅಳಿಯ.

"ನಿನ್ನ ಒಳಗೆ ಹಾಕಿಸಿದವನು ಕಣಯ್ಯಾ," ಎಂದ ಇನ್‌ಸ್ಪೆಕ್ಟರ್.

"ಗೊತ್ತು ಸಾರ್. ಹೊರಗೆ ಬರಲಿ, ನಾನೂ ಇವಳೂ ಸೇರಿ ಚೆನ್ನಾಗಿ ಬೈತೀವಿ." ಸಹಿ ಹಾಕಿ ತಿರುಗಿದ. "ನಡೀರಿ ಚಿಕ್ಕಮಾವ. ಮಾವನದು ಇನ್ನೂ ಡಾಕ್ಟರಮ್ಮನ ಹತ್ರಾನೇ ಇದೆ. ಇಸ್ಕೊಂಡು ಹೋಗಿ ಮಣ್ಣು ಮಾಡಿ ಬರೋಣ."