ನಾಲಿಗೆಯಿಲ್ಲದ ಗಂಟೆ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಡೆದದ್ದು ಮಾತ್ರ ಹಾಡಹಗಲಲ್ಲಿ, ನನ್ನ ಕಣ್ಣೆದುರಿಗೇ.

ರಜೆಗೆಂದು ನಾನೂ ನನ್ನ ಯಜಮಾನರೂ ಹೊಳೆದಂಡೆಯ ಆ ಹಳೇ ಊರಿಗೆ ಹೋಗಿದ್ದೆವು. ಉಳಿದದ್ದು ಹಿಂದೆ ದೋಣಿಯವನದ್ದಾಗಿದ್ದ ಮನೆಯಲ್ಲಿ. ಸೇತುವೆ ಬಂದ ಮೇಲೆ ದೋಣಿ ನಿಂತುಹೋಗಿತ್ತು. ಆಚೆ ದಡದವರು ದೋಣಿ ಕರೆಯಲು ಬಾರಿಸುತ್ತಿದ್ದ ಗಂಟೆಯನ್ನು ಬೆಳಿಗ್ಗೆಯಷ್ಟೇ ವಸ್ತುಸಂಗ್ರಹಾಲಯದ ಗಾಜಿನೊಳಗೆ ನೋಡಿ ಬಂದಿದ್ದೆವು. ಅದಕ್ಕೆ ನಾಲಿಗೆಯೇ ಇರಲಿಲ್ಲ.

ಊಟ ಮುಗಿಸಿ ಯಜಮಾನರು ಮಲಗಿದರು. ನಾನು ಪಕ್ಕದಲ್ಲೇ ಸ್ವೆಟರ್ ಹೆಣೆಯುತ್ತಾ ಕೂತಿದ್ದೆ. ಹೊಳೆಯಾಚೆಯಿಂದ ಢಣ್ ಎಂದು ಗಂಟೆ ಕೇಳಿಸಿತು. ಔಷಧಿ ಅಂಗಡಿಯಲ್ಲಿ ಮೇಜಿನ ಗಂಟೆಗೆ ಓಗೊಟ್ಟೇ ತಲೆ ನರೆತವರು ಇವರು, ನಿದ್ದೆಗಣ್ಣಲ್ಲೇ, "ಬಂದೆ, ಬಂದೆ!" ಅಂದರು.

ಹೊರಗೆ ಬಟ್ಟೆ ಒಣಹಾಕುತ್ತಿದ್ದ ಮನೆಯೊಡತಿ ಕಿಟಕಿಗೆ ಓಡಿಬಂದರು. "ಅಯ್ಯೋ, ಯಾಕಮ್ಮಾ ಓಗೊಟ್ರು? ನಾವ್ಯಾರೂ ಓಗೊಡಲ್ಲ."

"ಎಬ್ಬಿಸಲಾ?"

"ಈಗ ಬೇಡ. ದಡ ಸೇರ್ಲಿ."

ಮಂಚ ಮೆಲ್ಲಗೆ ಕಿರುಗುಟ್ಟತೊಡಗಿತು, ಅವರ ಉಸಿರಿಗೊಂದು ಸಲ. ಕೋಣೆಯಲ್ಲೆಲ್ಲ ನೆನೆದ ಮರದ ವಾಸನೆ. ಪಾದ ಮುಟ್ಟಿ ನೋಡಿದೆ; ಅಂಥ ಬಿಸಿಲಲ್ಲೂ ತಣ್ಣಗೆ ಕೊರೆಯುತ್ತಿತ್ತು. ಮುಖದಲ್ಲಿ ಮಾತ್ರ ಮಗುವಿನ ನೆಮ್ಮದಿ.

ಸಂಜೆ ಎದ್ದು ಮೈ ಮುರಿದರು. "ಎಂಥಾ ನಿದ್ದೆ ಕಣೇ! ಮುಂದಿನ ವರ್ಷಾನೂ ಇಲ್ಲಿಗೇ ಬರೋಣ. ಬರ್ತೀನಿ ಅಂತ ಹೇಳಿಬಿಟ್ಟಿದೀನಿ."

"ಯಾರಿಗ್ರೀ?"

ಅವರು ನೀರಿನ ಲೋಟಕ್ಕೆ ಕೈ ಚಾಚಿದರು. ಮಾತ್ರೆ ಎಣಿಸುವುದು ಬಿಟ್ಟು ಬೇರೆ ಕೆಲಸ ಕಾಣದ ಆ ಅಂಗೈಗಳ ತುಂಬ, ದೋಣಿಯ ಹುಟ್ಟು ಹಾಕಿದವರಿಗೆ ಏಳುವಂಥ ಬೊಬ್ಬೆಗಳಿದ್ದವು.